ಎರಡು ಪತ್ರಗಳು, ಎರಡು ಹಾದಿಗಳು

(ಗ್ರಂಥಾಲಯವೊಂದರ ಓದುಗರ ಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ಪತ್ರಿಕೆ ಕೈಗೆ ಬಂದೊಡನೆ ಮೊದಲು ಓದುಗರ ಪತ್ರಗಳ ಅಂಕಣಕ್ಕೆ ಕಣ್ಣು ಹಾಯಿಸುವವರು ಈ ಸಭೆಯಲ್ಲಿ ಅನೇಕರಿರಬಹುದು. ನಾನೂ ಆ ಗುಂಪಿಗೆ ಸೇರಿದವನೇ. ಬೀದಿದೀಪ ಉರಿಯುತ್ತಿಲ್ಲ, ಚರಂಡಿ ಕಟ್ಟಿಕೊಂಡಿದೆ, ನಮ್ಮ ಊರಿನಲ್ಲಿ ಬಸ್ಸು ನಿಲ್ಲುವುದಿಲ್ಲ ಎಂದು ಜನ ಬರೆಯುತ್ತಲೇ ಇರುತ್ತಾರೆ. ಬಹುಪಾಲು ಪತ್ರಗಳಿಂದ ಏನೂ ಆಗುವುದಿಲ್ಲವೆಂದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಆದರೂ ಬರೆಯುವುದು ನಿಂತಿಲ್ಲ. ಏಕೆ ನಿಲ್ಲಬಾರದು ಎಂಬುದಕ್ಕೆ ಅಂಥ ಎರಡು ಪತ್ರಗಳ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಎರಡೂ ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾದವು. ಒಂದು 1954ರದು, ಇನ್ನೊಂದು 1963ರದು. ಎರಡರ ವಿಷಯವೂ ಒಂದೇ: ಜನ ನೆಮ್ಮದಿಯಿಂದ ನಡೆದಾಡಲು ಒಂದು ಹಾದಿ ಬೇಕು.

ಮೊದಲನೆಯ ಕಥೆ ಒಂದು ಕಾಲುವೆಯದು. ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿಯ ಮಗ್ಗುಲಲ್ಲೇ ಒಂದು ಕಾಲುವೆ ತೋಡಿ, ಬೆಟ್ಟಗಳನ್ನು ದಾಟಿ, ಪಶ್ಚಿಮದ ಓಹಾಯೋ ನದಿಗೆ ಜೋಡಿಸಬೇಕೆಂಬುದು ಅಂದಿನವರ ಕನಸು. ಅದಕ್ಕೆಂದೇ ಚೆಸಪೀಕ್ ಮತ್ತು ಓಹಾಯೋ ಕಾಲುವೆ ಎಂದು ಹೆಸರಿಟ್ಟರು. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಪೂಜೆ ಮಾಡಿದರು. ವಿಧಿಯ ವಿನೋದ ನೋಡಿ. ಅದೇ ದಿನ, ಅಷ್ಟೇನೂ ದೂರವಲ್ಲದ ಬಾಲ್ಟಿಮೋರ್‌ನಲ್ಲಿ ರೈಲುದಾರಿಯೊಂದಕ್ಕೂ ಅಡಿಗಲ್ಲು ಬಿತ್ತು. ಅದರ ಗುರಿಯೂ ಓಹಾಯೋ ನದಿಯೇ. ರೈಲು 1842ರಲ್ಲಿ ಕಂಬರ್‌ಲ್ಯಾಂಡ್ ಎಂಬ ಬೆಟ್ಟದ ತಪ್ಪಲಿನ ಊರನ್ನು ಮುಟ್ಟಿತು. ಕಾಲುವೆ ಅಲ್ಲಿಗೆ ತಲುಪಿದ್ದು 1850ರಲ್ಲಿ. ಅಷ್ಟರಲ್ಲಿ ಪಂದ್ಯ ಮುಗಿದಿತ್ತು, ಕೈಯಲ್ಲಿ ಹಣವೂ ಉಳಿದಿರಲಿಲ್ಲ. ಕಾಲುವೆ ಅಲ್ಲೇ ನಿಂತಿತು. ಓಹಾಯೋ ನದಿಯನ್ನು ಅದು ಕಾಣಲೇ ಇಲ್ಲ.

ಆದರೂ ಅದು ಸಣ್ಣ ಕೆಲಸವಲ್ಲ. ಉದ್ದ 184.5 ಮೈಲಿ. ದೋಣಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಲು ಮತ್ತು ಇಳಿಸಲು ಬಾಗಿಲುಗಳುಳ್ಳ 74 ನೀರಿನ ಕಟ್ಟೆಗಳು. ಒಂದು ಕಡೆ ಬೆಟ್ಟ ಕೊರೆದು ಮೂರು ಸಾವಿರ ಅಡಿಗೂ ಮಿಕ್ಕಿದ ಸುರಂಗ. ಕಾಲುವೆಯ ಏರಿಯ ಮೇಲೆ, ದೋಣಿಗೆ ಹಗ್ಗ ಕಟ್ಟಿ ಎಳೆಯುವ ಹೇಸರಗತ್ತೆಗಳಿಗಾಗಿ ಒಂದು ಮಣ್ಣಿನ ದಾರಿ. ನಮ್ಮ ಕಥೆಗೆ ಮುಖ್ಯವಾದದ್ದು ಈ ಕತ್ತೆದಾರಿಯೇ. ದೋಣಿ ಎಳೆಯಲು ಮಾಡಿದ್ದರಿಂದ ಅದರಲ್ಲಿ ಕಡಿದಾದ ಏರಿಳಿತಗಳಿರಲಿಲ್ಲ. 1924ರ ಪ್ರವಾಹದಲ್ಲಿ ಕಾಲುವೆ ಹಾಳಾಗಿ ದೋಣಿ ಸಂಚಾರ ನಿಂತಿತು. 1938ರಲ್ಲಿ ಅದು ಸರ್ಕಾರದ ವಶಕ್ಕೆ ಬಂತು. ಕಾಲುವೆಯ ತಳದಲ್ಲಿ ಮರಗಳು ಬೆಳೆದವು. ದಾರಿ ಮಾತ್ರ ಉಳಿಯಿತು.

ಹೀಗೆ ಬಿದ್ದಿರುವ ಜಾಗ ಯಾರ ಕಣ್ಣಿಗಾದರೂ ಬೀಳದೆ ಇರುವುದಿಲ್ಲ. ಕಾಲುವೆಯ ಗುಂಟ ಮೋಟಾರು ವಿಹಾರಕ್ಕೆ ಒಂದು ರಸ್ತೆ ಮಾಡುವ ಯೋಜನೆ ಸಿದ್ಧವಾಯಿತು. 1954ರ ಜನವರಿಯಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ಸಂಪಾದಕೀಯ ಬರೆದು ಅದನ್ನು ಬೆಂಬಲಿಸಿತು. ಕೆಲವೇ ದಿನಗಳಲ್ಲಿ ಅದೇ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಬರೆದವರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಬಾಲ್ಯದ ಕಾಯಿಲೆಯಿಂದ ಸೋತ ಕಾಲುಗಳನ್ನು ಬೆಟ್ಟ ಹತ್ತಿ ಹತ್ತಿ ಗಟ್ಟಿಮಾಡಿಕೊಂಡ ಮನುಷ್ಯ. ರಾಜಧಾನಿಯ ಜನಕ್ಕೆ ಮೋಟಾರಿನ ಸದ್ದಿಲ್ಲದೆ ಉಳಿದಿರುವ ತಾಣ ಇದೊಂದೇ ಎಂಬುದು ಅವರ ವಾದದ ತಿರುಳು. ಅಷ್ಟಕ್ಕೇ ಬಿಟ್ಟಿದ್ದರೆ ಅದೂ ನೂರರಲ್ಲಿ ಒಂದು ಪತ್ರವಾಗುತ್ತಿತ್ತು. ಆದರೆ ಡಗ್ಲಸ್ ಸಂಪಾದಕೀಯ ಬರೆದವರನ್ನೇ ಕರೆದರು. ನನ್ನೊಡನೆ ಇಡೀ ಕಾಲುವೆಯ ಉದ್ದಕ್ಕೂ ನಡೆಯಿರಿ, ಆಮೇಲೆ ಬರೆಯಿರಿ ಎಂಬುದು ಆ ಕರೆಯ ಸಾರ.

ಪತ್ರಿಕೆಯವರು ಹಿಂಜರಿಯಲಿಲ್ಲ. ಮಾರ್ಚ್ 20ರಂದು ಕಂಬರ್‌ಲ್ಯಾಂಡಿನಿಂದ ನಡಿಗೆ ಹೊರಟಿತು. ಸಂಪಾದಕೀಯ ವಿಭಾಗದ ರಾಬರ್ಟ್ ಎಸ್ಟಬ್ರೂಕ್ ಮತ್ತು ಮರ್ಲೋ ಪ್ಯೂಸಿ ಇದ್ದರು. ಓಲಸ್ ಮ್ಯೂರಿ, ಹಾರ್ವಿ ಬ್ರೂಮ್ ಮೊದಲಾದ ಕಾಡುಪ್ರೇಮಿಗಳಿದ್ದರು. ಎಂಟು ದಿನಗಳ ದಾರಿ. 55 ವರ್ಷದ ನ್ಯಾಯಮೂರ್ತಿಗಳು ಮುಂದೆ ಬಿರುಸಾಗಿ ನಡೆದರು. ಹಲವರು ನಡುವೆ ಸೇರಿಕೊಂಡರು, ಹಲವರು ನಡುವೆ ಬಿಟ್ಟರು. ಮೊದಲಿನಿಂದ ಕೊನೆಯವರೆಗೆ ಉಳಿದವರು 9 ಮಂದಿ. ಮಾರ್ಚ್ 27ರಂದು ಅವರು ವಾಷಿಂಗ್ಟನ್ ತಲುಪಿದಾಗ ನೋಡಲು ಜನ ನೆರೆದಿದ್ದರು. ಪತ್ರಿಕೆ ತನ್ನ ಹಿಂದಿನ ನಿಲುವನ್ನು ಬಹುಮಟ್ಟಿಗೆ ಬದಲಿಸಿಕೊಂಡಿತು. ಪತ್ರಿಕಾ ಲೋಕದಲ್ಲಿ ಇಂಥದ್ದು ದಿನನಿತ್ಯ ನಡೆಯುವುದಲ್ಲ.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತದೆ, ಆದರೆ ನಿಜವಾಗುವುದಿಲ್ಲ. ನಡೆದವರು ಒಂದು ಸಮಿತಿ ಮಾಡಿಕೊಂಡರು. ಅದೇ ಮುಂದೆ ಕಾಲುವೆಯ ಸಂಘವಾಯಿತು. ಮಸೂದೆಗಳು ಬಂದವು, ಬಿದ್ದವು. ಕಾಲುವೆಯನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸುವ ಕಾಯಿದೆಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ್ದು 1971ರ ಜನವರಿಯಲ್ಲಿ. ಎಂಟು ದಿನ ನಡೆದದ್ದಕ್ಕೆ ಹದಿನೇಳು ವರ್ಷ ಓಡಾಡಬೇಕಾಯಿತು.

ನೀವು ಕೇಳಬಹುದು: 'ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಅವರು ಕರೆದರೆ ಸಂಪಾದಕರು ಬರುತ್ತಾರೆ. ನಮ್ಮಂಥವರು ಕರೆದರೆ ಯಾರು ಬರುತ್ತಾರೆ?' ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಎರಡನೆಯ ಪತ್ರದಲ್ಲಿದೆ.

ಇದು ಷಿಕಾಗೋ ನಗರದ ಕಡೆಯದು. ಆ ನಗರದಿಂದ ಪಶ್ಚಿಮದ ಊರುಗಳಿಗೆ ಷಿಕಾಗೋ, ಅರೋರ ಮತ್ತು ಎಲ್ಜಿನ್ ಎಂಬ ವಿದ್ಯುತ್ ರೈಲು ಓಡುತ್ತಿತ್ತು. ನಗರದೊಳಕ್ಕೆ ದೊಡ್ಡ ಹೆದ್ದಾರಿ ಕಟ್ಟಲು ತೊಡಗಿದಾಗ, 1953ರಲ್ಲಿ ಈ ರೈಲಿಗೆ ನಗರದ ಮಧ್ಯಭಾಗದವರೆಗೆ ನೇರವಾಗಿ ಹೋಗುವುದು ತಪ್ಪಿತು. ಪ್ರಯಾಣಿಕರು ಕಡಿಮೆಯಾದರು, ನಷ್ಟ ಹೆಚ್ಚಿತು. 1957ರ ಜುಲೈ 3ರಂದು ನಡುಮಧ್ಯಾಹ್ನ ಕಂಪನಿ ಪ್ರಯಾಣಿಕರ ರೈಲುಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಬೆಳಿಗ್ಗೆ ಅದೇ ರೈಲಿನಲ್ಲಿ ಕೆಲಸಕ್ಕೆ ಹೋದವರು ಸಂಜೆ ನಿಲ್ದಾಣಕ್ಕೆ ಬಂದು ನೋಡಿದರೆ ಮನೆಗೆ ಮರಳಲು ರೈಲೇ ಇಲ್ಲ! 1959ರಲ್ಲಿ ಸರಕು ಸಾಗಣೆಯೂ ನಿಂತಿತು.

ಆ ಪ್ರದೇಶದ ಮಾರ್ಟನ್ ಸಸ್ಯೋದ್ಯಾನದಲ್ಲಿ ಜನರಿಗೆ ಪ್ರಕೃತಿಪಾಠ ಹೇಳಿದ ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ಮಹಿಳೆಯಿದ್ದರು. ಮರಗಿಡಗಳನ್ನು ನೋಡಿ ಒಂದು ನೆಲದ ಚರಿತ್ರೆಯನ್ನು ಓದುವುದು ಹೇಗೆಂದು ಪುಸ್ತಕ ಬರೆದವರು. ಇಂಗ್ಲೆಂಡಿನಲ್ಲಿ ಹೊಲಗಳ ನಡುವೆ ಸಾರ್ವಜನಿಕ ಕಾಲುದಾರಿಗಳು ಇರುವುದನ್ನು ಕಂಡು ಬಂದಿದ್ದರು. 1963ರ ಸೆಪ್ಟೆಂಬರ್ 30ರಂದು 'ಷಿಕಾಗೋ ಟ್ರಿಬ್ಯೂನ್' ಪತ್ರಿಕೆಯಲ್ಲಿ ಅವರ ಪತ್ರ ಪ್ರಕಟವಾಯಿತು. ಆಗ ಅವರಿಗೆ 70 ವರ್ಷ. ಪಾಳುಬಿದ್ದ ಆ ರೈಲುದಾರಿಯನ್ನು ಜನ ನಡೆಯುವ, ಸೈಕಲ್ ತುಳಿಯುವ ಹಾದಿಯಾಗಿ ಮಾಡಬೇಕು, ತಡಮಾಡಬಾರದು ಎಂಬುದೇ ಅದರ ಸಾರ.

ಈ 'ತಡಮಾಡಬಾರದು' ಎಂಬ ಮಾತಿನಲ್ಲಿ ಇಡೀ ವಿಷಯದ ಮರ್ಮವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಉದ್ಯಾನದ ಮೂಲೆಯಲ್ಲಿ ಕಾಲು ಎಕರೆ ಒತ್ತುವರಿಯಾದರೆ ಉಳಿದದ್ದು ಉದ್ಯಾನವಾಗಿಯೇ ಇರುತ್ತದೆ. ಹಾದಿ ಹಾಗಲ್ಲ. ಹತ್ತು ಮೈಲಿ ಹಾದಿಯಲ್ಲಿ ಹತ್ತು ಗಜದ ಜಾಗಕ್ಕೆ ಒಬ್ಬ ಬೇಲಿ ಹಾಕಿದರೆ ಸಾಕು, ಅದು ಎರಡು ತುಂಡು. ಇನ್ನೊಬ್ಬ ಗೋದಾಮು ಕಟ್ಟಿದರೆ ಮೂರು ತುಂಡು. ಒಮ್ಮೆ ತುಂಡಾದ ಹಾದಿಯನ್ನು ಮತ್ತೆ ಕೂಡಿಸಲು ಹಣಕ್ಕೂ ಸಾಧ್ಯವಿಲ್ಲ, ಕಾನೂನಿಗೂ ಕಷ್ಟ. ಹಾರದ ದಾರದಂತೆ, ಎಲ್ಲಿ ಕಿತ್ತರೂ ಹೋಯಿತು.

ಇನ್ನೊಂದು ವಿಷಯವಿತ್ತು. ಇಲಿನಾಯ್ ರಾಜ್ಯ ಒಂದು ಕಾಲಕ್ಕೆ ಹುಲ್ಲುಗಾವಲಿನ ಸಮುದ್ರ. ನೇಗಿಲು ಬಂದ ಮೇಲೆ ಆ ಮೂಲ ಹುಲ್ಲುಗಾವಲು ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಆದರೆ ರೈಲ್ವೆ ಅಂಚಿನ ಪಟ್ಟಿಯನ್ನು ಯಾರೂ ಉಳುವುದಿಲ್ಲವಷ್ಟೆ. ಹಾಗಾಗಿ ಹಳೆಯ ಹುಲ್ಲು ಮತ್ತು ಹೂಗಿಡಗಳ ತುಣುಕುಗಳು ಅಂಥ ಕಡೆಗಳಲ್ಲಿ ಉಳಿದುಕೊಂಡವು. ಹಾದಿಗೆ ಅವರು ಕೊಟ್ಟ ಹೆಸರಿನಲ್ಲೇ ಹುಲ್ಲುಗಾವಲಿದೆ: ಇಲಿನಾಯ್ ಪ್ರೇರಿ ಪಾತ್.

ಪತ್ರ ಓದಿದವರು ಕೆಲವರು ವಾಟ್ಸ್ ಅವರ ಜೊತೆ ಸೇರಿದರು. ಸಭೆ ನಡೆಸಿದರು, ಚಿತ್ರ ತೋರಿಸಿದರು, ಅಧಿಕಾರಿಗಳ ಬಾಗಿಲು ತಟ್ಟಿದರು. 1965ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ನೋಂದಾಯಿಸಿದರು. 1966ರಲ್ಲಿ ಡ್ಯೂಪೇಜ್ ಕೌಂಟಿ ಆಡಳಿತ 27 ಮೈಲಿ ಜಾಗವನ್ನು ಆ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿತು. ಪೊದೆ ಕಡಿಯುವ, ಕಸ ಎತ್ತುವ ಕೆಲಸಕ್ಕೆ ಊರಿನ ಜನರೇ ಇಳಿದರು. ಇಂದು ಆ ಹಾದಿ ಕವಲುಗಳೂ ಸೇರಿ ಸುಮಾರು 61 ಮೈಲಿ ಇದೆ. ವಾಟ್ಸ್ 1975ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಅದು ರಾಷ್ಟ್ರೀಯ ವಿಹಾರಪಥವೆಂಬ ಮನ್ನಣೆ ಪಡೆದದ್ದನ್ನು ಅವರು ಕಂಡಿದ್ದರು.

ಈ ಕಥೆಯಲ್ಲಿ ಎಲ್ಲರೂ ಸಂತೋಷಪಟ್ಟರೆಂದು ನಾನು ಹೇಳಲಾರೆ. ಅಮೆರಿಕದ ಅನೇಕ ಕಡೆ ರೈಲ್ವೆ ಕಂಪನಿಗಳಿಗೆ ದಕ್ಕಿದ್ದುದು ನೆಲದ ಒಡೆತನವಲ್ಲ, ಹಾದುಹೋಗುವ ಹಕ್ಕು ಮಾತ್ರ. ರೈಲು ನಿಂತ ಮೇಲೆ ಜಾಗ ನಮಗೇ ಮರಳಬೇಕು ಎಂದು ಪಕ್ಕದ ಹೊಲದವರು ಹೇಳಿದರು. ಅಜ್ಜನ ಕಾಲದಲ್ಲಿ ರೈಲಿಗೆಂದು ಬಿಟ್ಟುಕೊಟ್ಟ ನೆಲದ ಮೇಲೆ ಗುರುತಿಲ್ಲದ ಜನ ಹಿತ್ತಿಲ ಮಗ್ಗುಲಲ್ಲೇ ಓಡಾಡತೊಡಗಿದರೆ ಯಾರಿಗೆ ತಾನೆ ಕಸಿವಿಸಿಯಾಗದು? 1983ರಲ್ಲಿ ಸಂಸತ್ತು ಒಂದು ಉಪಾಯ ಮಾಡಿತು. ರೈಲುದಾರಿಯನ್ನು ಮುಂದೆಂದಾದರೂ ಬೇಕಾದೀತೆಂದು ಠೇವಣಿಯಂತೆ ಕಾದಿಡುವುದು, ಅಲ್ಲಿಯವರೆಗೆ ಅದನ್ನು ಹಾದಿಯಾಗಿ ಬಳಸುವುದು. ಕಾದಿಟ್ಟಿರುವವರೆಗೆ ಅದು ರೈಲ್ವೆಯ ಜಾಗವೇ, ಕೈಬಿಟ್ಟದ್ದಲ್ಲ. ವರ್ಮಾಂಟ್ ರಾಜ್ಯದ ಭೂಮಾಲೀಕರು ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. 1990ರಲ್ಲಿ ನ್ಯಾಯಾಲಯ ಕಾಯಿದೆಯನ್ನು ಒಮ್ಮತದಿಂದ ಎತ್ತಿಹಿಡಿಯಿತು. ಆದರೆ ನೆಲ ಕಳೆದುಕೊಂಡವರು ಸರ್ಕಾರದಿಂದ ಪರಿಹಾರ ಕೇಳುವ ಬಾಗಿಲನ್ನು ಮುಚ್ಚಲಿಲ್ಲ. ಮುಂದೆ ಅನೇಕರಿಗೆ ಪರಿಹಾರ ಸಿಕ್ಕಿತು ಕೂಡ. ಹತ್ತು ಜನರಿಗೆ ಹಾದಿ ಬೇಕೆಂದಾಗ ಅದರ ಬೆಲೆಯನ್ನು ಹನ್ನೊಂದನೆಯವನೊಬ್ಬನೇ ತೆರಬಾರದಲ್ಲವೇ?

ಇಂದು ಆ ದೇಶದಲ್ಲಿ ಹಳೆಯ ರೈಲುದಾರಿಗಳ ಮೇಲೆ ಮಾಡಿದ ಹಾದಿಗಳು 25 ಸಾವಿರ ಮೈಲಿಗೂ ಹೆಚ್ಚಿವೆ. ಬಹುಪಾಲು ಹಾದಿಗಳ ಹಿಂದೆ ಹೀಗೆ ಹಟ ಹಿಡಿದ ಊರಿನ ಜನರಿದ್ದಾರೆ.

ಕೊನೆಯದಾಗಿ ಮತ್ತೆ ಆ ಕಾಲುವೆಗೆ ಬರೋಣ. ಅದು ಕಂಬರ್‌ಲ್ಯಾಂಡಿನಲ್ಲಿ ಸೋತು ನಿಂತಿತ್ತೆಂದು ಹೇಳಿದೆನಲ್ಲ. ಅಲ್ಲಿಂದ ಆಚೆಗೆ, ಬೆಟ್ಟಗಳನ್ನು ದಾಟಿದ್ದ ಹಳೆಯ ರೈಲುದಾರಿಗಳೂ ಕಾಲಕ್ರಮದಲ್ಲಿ ಪಾಳುಬಿದ್ದವು. ಅವುಗಳ ಮೇಲೆ ಹಾದಿ ಮಾಡುವ ಕೆಲಸವನ್ನು ಆಯಾ ಊರಿನವರು ತುಂಡುತುಂಡಾಗಿ ಕೈಗೆತ್ತಿಕೊಂಡರು. 1986ರಲ್ಲಿ ಮೊದಲ ತುಂಡು ತೆರೆಯಿತು. 2013ರಲ್ಲಿ ಕೊನೆಯ ತುಂಡು ಕೂಡಿಕೊಂಡು ಪಿಟ್ಸ್‌ಬರ್ಗ್ ಮುಟ್ಟಿತು. ಓಹಾಯೋ ನದಿ ಹುಟ್ಟುವುದು ಆ ಊರಿನಲ್ಲೇ. ಈಗ ಸೈಕಲ್ ಇದ್ದವರು ವಾಷಿಂಗ್ಟನ್ನಿನಿಂದ ಕತ್ತೆದಾರಿ ಹಿಡಿದು ಹೊರಟರೆ ಸುಮಾರು 335 ಮೈಲಿ ತುಳಿದು ಓಹಾಯೋ ನದಿಯ ದಡ ಸೇರಬಹುದು. 1828ರಲ್ಲಿ ಒಬ್ಬ ಅಧ್ಯಕ್ಷರು ಗುದ್ದಲಿ ಹಿಡಿದು ಆರಂಭಿಸಿದ ದಾರಿಯನ್ನು 185 ವರ್ಷಗಳ ಮೇಲೆ ಮುಗಿಸಿದವರು ಕಾಲ್ನಡಿಗೆಯವರು ಮತ್ತು ಸೈಕಲ್ಲಿನವರು.

ನಡೆದದ್ದೇ ದಾರಿ ಎಂದು ನಮ್ಮಲ್ಲಿ ಹೇಳುವುದುಂಟು. ಮಾತು ನಿಜ. ಆದರೆ ಅರ್ಧ ನಿಜ. ನಡೆಯುವವರು ಬಾಯಿ ಬಿಟ್ಟು ಕೇಳದಿದ್ದರೆ, ನಡೆದ ದಾರಿಯೂ ಒಂದು ದಿನ ಬೇಲಿಯೊಳಗೆ ಸೇರಿಹೋಗುತ್ತದೆ. ನಾಳೆ ಬೆಳಿಗ್ಗೆ ಪತ್ರಿಕೆ ಬಂದಾಗ ಓದುಗರ ಪತ್ರಗಳ ಅಂಕಣವನ್ನು ಇನ್ನೊಮ್ಮೆ ನೋಡಿ. ಎಲ್ಲಾದರೂ ಒಂದು ಹಾದಿಯ ಬಗ್ಗೆ ಬರೆದಿದ್ದರೆ, ಬರೆದವರ ಜೊತೆ ಒಮ್ಮೆ ನಡೆದು ಬನ್ನಿ.