ನಂಬರು ಯಾರದು, ನಷ್ಟ ಯಾರದು?
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಸಾಧನೆಯನ್ನು ಅಧ್ಯಕ್ಷರು ಹೇಳಿದ್ದಾರೆ. ನಾವು ಬೇರೆ ವಿಷಯ ಎತ್ತುತ್ತೇವೆ. ಈಚೆಗೆ ನಮ್ಮ ಹುಡುಗರು ಸಂಘಕ್ಕೆ ಬಂದು, "ಕಾಕಾ, ಫ್ರಾಂಚೈಸಿ ಹಿಡೀತೀವಿ, ಸಾಲ ಕೊಡ್ರಿ. ಈ ಕಂಪನಿ ಈ ವರ್ಷ ಪಟ್ಟಿಯೊಳಗ ಮೊದಲನೇ ನಂಬರ್ ಐತಿ" ಅಂತ ಮೊಬೈಲು ತೋರಿಸುತ್ತಾರೆ. ಆ ಪಟ್ಟಿಯ ಮಾತು ಇಂದು ಆಡಬೇಕಾಗಿದೆ.

ಫ್ರಾಂಚೈಸಿ ಅಂದರೆ ಏನು? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲಾವಣಿ ಹೊಲ. ಹೊಲ ಅವರದು, ಬೀಜ, ಗೊಬ್ಬರ, ದುಡಿಮೆ ನಮ್ಮದು. ಇಲ್ಲಿ ಹೊಲದ ಬದಲು ಹೆಸರು. ಮೊದಲಿಗೆ ಒಂದು ಗಂಟು ಹಣ, ಆಮೇಲೆ ಬಹಳ ಕಡೆ ಮಾರಾಟದ ಮೇಲೆ ರಾಯಲ್ಟಿ. ಲಾಭದ ಮೇಲಲ್ಲ, ಮಾರಾಟದ ಮೇಲೆ ಎಂಬುದನ್ನು ಗಮನಿಸಬೇಕು. ಒಂದು ಅಂಗಡಿಯ ತಿಂಗಳ ಮಾರಾಟ 2 ಲಕ್ಷ ರೂಪಾಯಿ, ರಾಯಲ್ಟಿ ಶೇಕಡಾ 6 ಅಂತ ಹಿಡಿಯೋಣ. 12 ಸಾವಿರ ಕೊಡಬೇಕು. ಬಾಡಿಗೆ, ಪಗಾರ, ಕರೆಂಟು ಕಳೆದು ಅಂಗಡಿಗೆ ಲುಕ್ಸಾನೇ ಆಗಿದ್ದರೂ ಆ 12 ಸಾವಿರ ತಪ್ಪದು. ಮಳೆ ಬರಲಿ ಬಿಡಲಿ, ಲಾವಣಿ ಕೊಡುವುದೇ.

ಇನ್ನು ಪಟ್ಟಿಯ ಮಾತು. ಇವುಗಳಲ್ಲಿ ಹಳೆಯದೂ ಹೆಸರಾದದ್ದೂ ಅಮೆರಿಕದ 'ಆಂತ್ರಪ್ರನರ್' ಪತ್ರಿಕೆಯ 'ಫ್ರಾಂಚೈಸ್ 500'. 1980ರಿಂದ ವರ್ಷಕ್ಕೊಮ್ಮೆ ಬರುತ್ತದೆ. 2021ರಿಂದ 2025ರವರೆಗೆ ಸತತ ಐದು ವರ್ಷ ಟಾಕೊ ಬೆಲ್ ಎಂಬ ತಿಂಡಿ ಅಂಗಡಿಯ ಕಂಪನಿ ಮೊದಲ ಸ್ಥಾನದಲ್ಲಿತ್ತು. ಕಂಪನಿಗಳೇ ಅರ್ಜಿ ಹಾಕಿ ತಮ್ಮ ವಿವರ ಕೊಡುತ್ತವೆ. ಎಷ್ಟು ಅಂಗಡಿ ಇವೆ, ಎಷ್ಟು ಬೆಳೆದವು, ಖರ್ಚೆಷ್ಟು, ಹೆಸರಿಗೆ ಬಲವೆಷ್ಟು, ಕಂಪನಿಯ ಹಣಕಾಸು ಹೇಗಿದೆ ಎಂದು ಅಳೆಯುತ್ತಾರೆ. ಇದು ಯಾವ ಕಂಪನಿಗೂ ನಮ್ಮ ಶಿಫಾರಸು ಅಲ್ಲ ಅಂತ ಆ ಪತ್ರಿಕೆಯೇ ಹೇಳುತ್ತದೆ. ಅಂದರೆ ಆ ನಂಬರು ಕಂಪನಿಯದು. ನವಲಗುಂದ ರಸ್ತೆಯಲ್ಲೋ ಕುಂದಗೋಳ ಪೇಟೆಯಲ್ಲೋ ನೀವು ತೆಗೆಯುವ ಅಂಗಡಿಯದಲ್ಲ.

ಅಳತೆಗೋಲು ಬದಲಾದರೆ ನಂಬರೂ ಬದಲಾಗುತ್ತದೆ. ನಾವು ಬಿತ್ತನೆಗೆ ಚೀಲ ಒಯ್ಯುವ ಇಫ್ಕೋ 1967ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ. 2021ರ ಜಾಗತಿಕ ಸಹಕಾರಿ ವರದಿಯಲ್ಲಿ ಅದು ಪ್ರಪಂಚಕ್ಕೇ ಮೊದಲನೆಯದು. ವಹಿವಾಟನ್ನು ಆಯಾ ದೇಶದ ತಲಾ ಉತ್ಪನ್ನಕ್ಕೆ ಹೋಲಿಸಿ ನೋಡಿದಾಗ ಆ ಸ್ಥಾನ. ಬರೀ ವಹಿವಾಟು ನೋಡಿದರೆ ಅದೇ ವರದಿಯಲ್ಲಿ 60ನೆಯದು. ಎರಡೂ ಖರೆ. ಅದಕ್ಕೇ ನಂಬರು ಕೇಳುವ ಮೊದಲು ಯಾವ ಕೋಲಿನಿಂದ ಅಳೆದರು ಅಂತ ಕೇಳಬೇಕು.

ನಮ್ಮ ಸಂಘಕ್ಕೂ ವರ್ಷಕ್ಕೊಂದು ವರ್ಗ ಸಿಗುತ್ತದೆ. ಆಡಿಟ್ ಆದ ಮೇಲೆ ಎ, ಬಿ, ಸಿ, ಡಿ. ಆದರೆ ಇದು ಅರ್ಜಿ ಹಾಕಿ ಪಡೆಯುವುದಲ್ಲ, ಕಾಯಿದೆಯಂತೆ ಆಗಲೇಬೇಕು. ವರದಿಯನ್ನು ಸರ್ವಸಾಧಾರಣ ಸಭೆಯ ಮುಂದಿಡಬೇಕು, ನೀವು ಎದ್ದು ನಿಂತು ಪ್ರಶ್ನೆ ಕೇಳಬಹುದು. ಹಾಗಂತ ನಮ್ಮ ವರ್ಗವನ್ನೂ ಕಣ್ಣು ಮುಚ್ಚಿ ನಂಬಬೇಡಿರಿ. ಎ ವರ್ಗ ಬಂದರೂ ಹೆಸರು ಬಿತ್ತುವ ಹೊತ್ತಿಗೆ ಗೊಬ್ಬರ ಗೋದಾಮಿಗೆ ಬರದಿದ್ದರೆ ಆ ವರ್ಗ ತಗೊಂಡು ಏನು ಮಾಡೋದು? ಅದನ್ನು ಅಳೆಯುವವರು ನೀವೇ.

ನಮ್ಮ ಭಾಗದ ಹುಡುಗನೊಬ್ಬ ಇಂಥ ಪಟ್ಟಿ ನೋಡಿ ಎರಿ ಹೊಲ ಒತ್ತಿ ಹಾಕಿ ಅಂಗಡಿ ತೆಗೆದ. ಎರಡು ವರ್ಷ ತುಂಬುವುದರೊಳಗೆ ಬಾಗಿಲು ಹಾಕಿದ. ಆ ಕಂಪನಿ ಈಗಲೂ ಪಟ್ಟಿಯಲ್ಲಿದೆ, ಹೊಲ ಇನ್ನೂ ಬಿಡಿಸಿಕೊಂಡಿಲ್ಲ. ಅವನ ತಾಯಿ ಈಗ ಕೂಲಿಗೆ ಹೋಗತಾಳ. ಆಕಿ ಕಣ್ಣೀರಿಗೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ವ್ಯಾಪಾರ ಮಾಡಬೇಡಿ ಅಂತ ನಾವು ಹೇಳುವುದಿಲ್ಲ. ಎಲ್ಲರಿಗೂ ಒಕ್ಕಲುತನದಾಗ ಹೊಟ್ಟೆ ತುಂಬೋದಿಲ್ಲ, ಅದು ನಮಗೂ ಗೊತ್ತು. ಆದರೆ ಕೇಳಿ ಮಾಡಿರಿ. ಅಮೆರಿಕದಲ್ಲಿ ಸಹಿ ಮಾಡುವ 14 ದಿವಸ ಮೊದಲೇ ಕಂಪನಿ ಎಲ್ಲ ವಿವರ ಬರೆದು ಕೊಡಬೇಕೆಂಬ ನಿಯಮವಿದೆ. ಎಷ್ಟು ಅಂಗಡಿ ಮುಚ್ಚಿದವು ಎಂಬುದೂ ಅದರಲ್ಲಿರುತ್ತದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ, 1872ರ ಕರಾರು ಕಾಯಿದೆಯೇ ಆಧಾರ. ಹಾಗಾಗಿ ನೀವೇ ಕೇಳಬೇಕು. ಮುಚ್ಚಿದ ಅಂಗಡಿಗಳೆಷ್ಟು? ಬಿಟ್ಟು ಹೋದವರು ಯಾರು, ಅವರನ್ನು ಕಂಡು ಮಾತಾಡಬಹುದೇ? ರಾಯಲ್ಟಿ ಎಷ್ಟು? ಮಾಲು ಅವರಲ್ಲೇ ಕೊಳ್ಳಬೇಕೇ? ಪಕ್ಕದ ಓಣಿಯಲ್ಲೇ ಇನ್ನೊಬ್ಬರಿಗೆ ಅಂಗಡಿ ಕೊಟ್ಟಾರೆಯೇ? ಬಿಡುವಾಗ ಠೇವಣಿ ವಾಪಸ್ ಬರುತ್ತದೆಯೇ? ದೊಡ್ಡ ಕಂಪನಿಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ನೋಂದಣಿ ಫೀ ಕೀಳುವವರೂ ಇದ್ದಾರೆ, ಹುಷಾರು. ಕರಾರು ಪತ್ರವನ್ನು ವಕೀಲರಿಗೆ ತೋರಿಸದೆ ಸಹಿ ಬೇಡ.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಯಾವ ಪಟ್ಟಿಯೂ ಇರಲಿಲ್ಲ. 1997ರವರೆಗೆ ಆ ಊರು ನಮ್ಮ ಧಾರವಾಡ ಜಿಲ್ಲೆಯೊಳಗೇ ಇತ್ತು. ಅಲ್ಲಿ ಊರವರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು, ಅದೇ ಬಂಡವಾಳ. ನಮ್ಮ ಸಂಘದಲ್ಲಿ ಇಂದಿಗೂ ಎಷ್ಟು ಶೇರು ಇದ್ದರೂ ಒಬ್ಬರಿಗೆ ಒಂದೇ ಓಟು. ಆ ಬಲವನ್ನು ಉಳಿಸಿಕೊಳ್ಳೋಣ. ಹೊಲದ ಉತಾರ ಹಿಡಿದು ಪೇಟೆಗೆ ಹೋಗುವ ಮುಂಚೆ ಒಂದು ಸಲ ಸಂಘದ ಕಟ್ಟೆಗೆ ಬರ್ರಿ. ಕೂತು ಲೆಕ್ಕ ಹಾಕೋಣ.



ಜೈ ಸಹಕಾರ.