ಕುಲಕರ್ಣಿ ಎಂಬ ಹೆಸರು

ಧಾರವಾಡದಲ್ಲಿ ನಾನು ಹಾಜರಿ ಕರೆಯುವಾಗ ‘ಕುಲಕರ್ಣಿ’ ಎಂದರೆ ನಾಲ್ಕು ಬೆಂಚುಗಳಿಂದ ಉತ್ತರ ಬರುತ್ತಿತ್ತು. ಬೇರೆ ಬೇರೆ ಮನೆತನದವರು. ಹೆಸರು ಮಾತ್ರ ಒಂದೇ ಹುದ್ದೆಯಿಂದ ಬಂದದ್ದು. ಮೈಸೂರು ಸೀಮೆಯ ಶಾನುಭೋಗನೇ ಮುಂಬಯಿ ಕರ್ನಾಟಕದ ಕುಲಕರ್ಣಿ. ಊರಿನ ಹೊಲ, ಕಂದಾಯಗಳ ಲೆಕ್ಕವೆಲ್ಲ ಅವನ ದಪ್ತರದಲ್ಲಿ. ಆ ಲೆಕ್ಕಣಿಕೆಗೆ ರೈತ ಅಂಜುತ್ತಿದ್ದ, ಮರೆಯಲ್ಲಿ ಶಪಿಸುತ್ತಲೂ ಇದ್ದ. 1950ರ ಮುಂಬಯಿ ಕಾಯಿದೆ ಕುಲಕರ್ಣಿ ವತನವನ್ನು ರದ್ದುಮಾಡಿತು; ಹೆಸರು ಉಳಿಯಿತು.

ಅದಕ್ಕೂ ಮೊದಲೇ ಕೆಲವರ ಲೆಕ್ಕಣಿಕೆ ಸಾಹಿತ್ಯದ ಕಡೆ ಹೊರಳಿತ್ತೆನ್ನಿ. ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನು ಧರಿಸಿ ಗಳಗನಾಥರಾದರು. ‘ಗ್ರಾಮಾಯಣ’ದ ರಾವಬಹಾದ್ದೂರರೂ ಕುಲಕರ್ಣಿಯವರೇ. ಹಳ್ಳಿಯ ಒಳಜಗಳಗಳನ್ನು ಅಷ್ಟು ನಿಷ್ಠುರವಾಗಿ ಬರೆದವರು ಆ ಹೆಸರನ್ನು ಮುಖಪುಟದಿಂದ ದೂರವಿಟ್ಟದ್ದು ನನಗೆ ಉಚಿತವಾಗಿಯೇ ಕಾಣುತ್ತದೆ. ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ ಮರಾಠಿಯಲ್ಲಿ ಕಥೆ ಬರೆದ ಜಿ. ಎ. ಕುಲಕರ್ಣಿಯವರು ಅದನ್ನು ಬಿಡಲಿಲ್ಲ. 1973ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಹೆಸರಿಗೇ ಬಂತು.