ಕೇಳಿದ್ದನ್ನು ಬರೆದಿಟ್ಟ ಇಂದಿರಾ

(ತುಮಕೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತು)



ಗುಬ್ಬಿ, ಕುಣಿಗಲ್ ಕಡೆಯಿಂದ ಮನೆಗೆಲಸ ಮುಗಿಸಿ ಬಸ್ಸು ಹಿಡಿದು ಬಂದಿದ್ದೀರಿ. ನಮಗೆ ಕಾದಂಬರಿಯ ಮಾತೇಕೆ ಎಂದು ಕೇಳಬಹುದು. ಕಾರಣವಿದೆ. ಸಂಘದಲ್ಲಿ ಹತ್ತು ರೂಪಾಯಿ ಉಳಿತಾಯಕ್ಕೂ ಪುಸ್ತಕವಿದೆ, ಸಹಿಯಿದೆ. ಮನೆಯೊಳಗೆ ತಿಂದ ಏಟಿಗೆ ಮಾತ್ರ ಲೆಕ್ಕವಿಲ್ಲ. ಹೆಣ್ಣಿನ ಸಂಕಟವನ್ನು ಬರೆದಿಟ್ಟ ಒಬ್ಬರ ಬಗ್ಗೆ ಹೇಳುತ್ತೇನೆ.

ಎಂ.ಕೆ. ಇಂದಿರಾ 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಹನ್ನೆರಡನೇ ವಯಸ್ಸಿಗೆ ಮದುವೆ. ಓದು ಅಲ್ಲಿಗೇ ನಿಂತಿತು. ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ‘ನಮಗಿನ್ನು ವಯಸ್ಸಾಯಿತು’ ಎನ್ನುವವರು ಇದನ್ನು ನೆನಪಿಡಬೇಕು. 1994ರಲ್ಲಿ ತೀರಿಕೊಳ್ಳುವವರೆಗೆ ಹತ್ತಾರು ಪುಸ್ತಕ ಬರೆದರು.

1976ರ ‘ಫಣಿಯಮ್ಮ’ ಅವರ ಬಂಧುವೇ ಆಗಿದ್ದ ಒಬ್ಬ ಮುದುಕಿಯ ನಿಜ ಬದುಕು. ಮಗುವಾಗಿದ್ದಾಗಲೇ ಮದುವೆ, ಹಾವು ಕಚ್ಚಿ ಗಂಡ ಸತ್ತ. ಮೈನೆರೆದ ಮೇಲೆ ತಲೆ ಬೋಳಿಸಿದರು. ಯಾರೂ ಅವಳನ್ನು ದ್ವೇಷದಿಂದ ಹಾಗೆ ಮಾಡಲಿಲ್ಲ. ‘ಶಾಸ್ತ್ರ’ ಎಂದರು, ಅಷ್ಟೆ. ಇಂದು ವರದಕ್ಷಿಣೆಗೆ ‘ಸಂಪ್ರದಾಯ’ ಎನ್ನುತ್ತಾರಲ್ಲ, ಹಾಗೆ. ಆದರೆ ಮುಂದೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಕೊಡುವುದಿಲ್ಲ ಎಂದಾಗ, ಫಣಿಯಮ್ಮ ಅವಳ ಪರ ನಿಂತಳು. ತಾನು ಅನುಭವಿಸಿದ್ದನ್ನು ಇನ್ನೊಬ್ಬಳೂ ಅನುಭವಿಸಲಿ ಎನ್ನಲಿಲ್ಲ. ನಮ್ಮಲ್ಲಿ ಅತ್ತೆಯಾದವರು ಇದನ್ನು ಯೋಚಿಸಬೇಕು. ಪ್ರೇಮಾ ಕಾರಂತರು ಈ ಕಥೆಯನ್ನು ಸಿನಿಮಾ ಕೂಡ ಮಾಡಿದರು.

ಈ ಕಥೆ ಇಂದಿರಾ ಅವರಿಗೆ ಸಿಕ್ಕಿದ್ದು ತಾಯಿಯ ಬಾಯಿಂದ. ಬರೆಯದಿದ್ದರೆ ಅಡುಗೆಮನೆಯಲ್ಲೇ ಉಳಿಯುತ್ತಿತ್ತು.

ನಾವೇನು ಕಾದಂಬರಿ ಬರೆಯಬೇಕಿಲ್ಲ. ಆದರೆ ಬರವಣಿಗೆಯನ್ನು ಕಾನೂನೂ ಕೇಳುತ್ತದೆ. 1961ರ ಕಾಯ್ದೆಯಂತೆ ವರದಕ್ಷಿಣೆ ಕೇಳುವುದು, ಕೊಡುವುದು, ಪಡೆಯುವುದು ಮೂರೂ ಅಪರಾಧ. ಕೇಳದೆ ಕೊಟ್ಟ ಉಡುಗೊರೆಗೂ 1985ರ ನಿಯಮದಂತೆ ಪಟ್ಟಿ ಇರಬೇಕು: ಏನು ಕೊಟ್ಟರು, ಬೆಲೆಯೆಷ್ಟು, ಕೊಟ್ಟವರು ಯಾರು, ಏನು ಸಂಬಂಧ. ವಧೂವರರಿಬ್ಬರೂ ಅದಕ್ಕೆ ಸಹಿ ಹಾಕಬೇಕು. ನಮ್ಮೂರ ಎಷ್ಟು ಮದುವೆಗಳಲ್ಲಿ ಈ ಪಟ್ಟಿ ನೋಡಿದ್ದೀರಿ? ಮುಯ್ಯಿಯ ಲೆಕ್ಕ ಬರೆಯುವ ನಾವು ಇದನ್ನೇಕೆ ಬರೆಯಬಾರದು?

ಹೊಡೆತ ಬಿದ್ದರೆ ದಿನ ಬರೆಯಿರಿ, ಆಸ್ಪತ್ರೆಯ ಚೀಟಿ ಜೋಪಾನ ಮಾಡಿ, ನೋಡಿದವರ ಹೆಸರು ಗುರುತಿಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮುಂದೆ ಹೋದಾಗ ಅದು ನಿಮ್ಮ ಕೈಹಿಡಿಯುತ್ತದೆ. ಆ ಪುಸ್ತಕ ಮನೆಯಲ್ಲಿರುವುದು ಬೇಡ. ನಂಬಿಕೆಯ ಗೆಳತಿಯ ಬಳಿ ಇರಲಿ.

ಬರೆಯಲು ಬಾರದವರು ಹೇಳಿ, ಬರುವವರು ಬರೆದುಕೊಳ್ಳಿ. ಫಣಿಯಮ್ಮ ಹೇಳಿದರು, ತಾಯಿ ನೆನಪಿಟ್ಟರು, ಮಗಳು ಬರೆದರು. ಸಂಘ ಎಂದರೆ ಅದೇ ಅಲ್ಲವೇ?